ವಿನೈಲ್ ರೆಕಾರ್ಡ್ ಮತ್ತೆ ಬಂದಿದೆ. ಆದರೆ ಮೊಬೈಲ್ ಹಾಡಿಗಿಂತ ಅದು ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆಯೇ?

2022ರ ಜುಲೈ ತಿಂಗಳು. ಅಮೆರಿಕದ ಫೀನಿಕ್ಸ್ ನಗರದಲ್ಲಿ ರೆಕಾರ್ಡ್ ಅಂಗಡಿ ನಡೆಸುವವರೊಬ್ಬರು ಯೂಟ್ಯೂಬ್‌ಗೆ ಹಾಕಿದ ಒಂದು ವಿಡಿಯೊ ಪ್ರಪಂಚದ ವಿನೈಲ್ ಪ್ರಿಯರ ನಿದ್ದೆಗೆಡಿಸಿತು. ‘ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್’ ಎಂಬ ಕಂಪನಿ ಹೆಸರಾಂತ ಹಳೆಯ ಆಲ್ಬಂಗಳನ್ನು ಮೂಲ ಟೇಪಿನಿಂದ ಮತ್ತೆ ರೆಕಾರ್ಡ್ ತಟ್ಟೆಗೆ ಇಳಿಸಿ ಮಾರುತ್ತದೆ. ಬೆಲೆ ದುಬಾರಿ. ಅದರ ಒಂದು ಸರಣಿಯಲ್ಲಿ ಒಂದೊಂದು ಆಲ್ಬಂಗೆ 125 ಡಾಲರ್. ಟೇಪಿನಿಂದ ತಟ್ಟೆಯವರೆಗಿನ ದಾರಿಯಲ್ಲಿ ಎಲ್ಲೂ ಕಂಪ್ಯೂಟರ್ ಬರುವುದಿಲ್ಲ, ಎಲ್ಲವೂ ಹಳೆಯ ಅನಲಾಗ್ ಪದ್ಧತಿ ಎಂದು ನಂಬಿಯೇ ಜನ ಅಷ್ಟು ಹಣ ಸುರಿಯುತ್ತಿದ್ದರು. ಆ ನಂಬಿಕೆ ಸುಳ್ಳು ಎಂದಿತು ವಿಡಿಯೊ.

ಕೆಲವೇ ದಿನಗಳಲ್ಲಿ ಕಂಪನಿಯ ಎಂಜಿನಿಯರುಗಳು ಒಪ್ಪಿಕೊಂಡರು. 2011ರಿಂದಲೂ ಹಲವು ಆಲ್ಬಂಗಳಲ್ಲಿ ಟೇಪನ್ನು ಮೊದಲು ಡಿಜಿಟಲ್ ಫೈಲ್ ಮಾಡಿ, ಆ ಫೈಲಿನಿಂದ ರೆಕಾರ್ಡ್ ಕತ್ತರಿಸಲಾಗುತ್ತಿತ್ತು. ವಿಷಯ ಕೋರ್ಟ್ ಮೆಟ್ಟಿಲೇರಿ, ಕೊನೆಗೆ 2.5 ಕೋಟಿ ಡಾಲರ್ ಮೊತ್ತದ ರಾಜಿಯಲ್ಲಿ ಮುಗಿಯಿತು.

ಗಮನಿಸಬೇಕಾದ್ದು ಬೇರೆಯೇ ಇದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಲಕ್ಷಾಂತರ ರೂಪಾಯಿಯ ಸ್ಪೀಕರ್, ಆಂಪ್ಲಿಫೈಯರ್ ಇಟ್ಟುಕೊಂಡವರು ಈ ರೆಕಾರ್ಡ್‌ಗಳನ್ನು ಕೇಳಿದ್ದರು, ಹೊಗಳಿ ವಿಮರ್ಶೆ ಬರೆದಿದ್ದರು. ನಡುವೆ ಡಿಜಿಟಲ್ ನುಸುಳಿದ್ದನ್ನು ಅವರ ಕಿವಿ ಹಿಡಿಯಲಿಲ್ಲ. ಗುಟ್ಟು ಹೊರಬಂದದ್ದು ಕಂಪನಿಯೊಳಗಿನ ಮಾಹಿತಿಯಿಂದ.

ಹಾಗಾದರೆ ವಿನೈಲ್ ದೊಡ್ಡದೋ, ಡಿಜಿಟಲ್ ದೊಡ್ಡದೋ ಎಂಬ ದಶಕಗಳ ಜಗಳಕ್ಕೆ ಅರ್ಥವೇ ಇಲ್ಲವೇ? ಇದೆ. ಆದರೆ ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿ ಇಲ್ಲ.

ಮತ್ತೆ ಯಾಕೆ ಈ ಮಾತು?

ಸತ್ತೇ ಹೋಯಿತು ಎಂದುಕೊಂಡಿದ್ದ ರೆಕಾರ್ಡ್ ಎದ್ದು ಕೂತಿದೆ. ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘಟನೆ ಆರ್‌ಐಎಎ ಲೆಕ್ಕದ ಪ್ರಕಾರ 2022ರಲ್ಲಿ ಅಲ್ಲಿ 4.1 ಕೋಟಿ ವಿನೈಲ್ ಆಲ್ಬಂ ಮಾರಾಟವಾದರೆ, ಸಿ.ಡಿ. ಮಾರಾಟವಾದದ್ದು 3.3 ಕೋಟಿ. 1987ರ ನಂತರ ವಿನೈಲ್ ಸಂಖ್ಯೆಯಲ್ಲಿ ಸಿ.ಡಿ.ಯನ್ನು ಹಿಂದಿಕ್ಕಿದ್ದು ಅದೇ ಮೊದಲು. ಹಾಗೆಂದು ಸ್ಟ್ರೀಮಿಂಗ್‌ಗೆ ಪೆಟ್ಟು ಬಿತ್ತು ಎಂದುಕೊಳ್ಳಬೇಡಿ. ಅದೇ ವರ್ಷ ಅಲ್ಲಿನ ಸಂಗೀತ ಉದ್ಯಮದ ಆದಾಯದಲ್ಲಿ ಶೇ 84ರಷ್ಟು ಬಂದದ್ದು ಸ್ಟ್ರೀಮಿಂಗ್‌ನಿಂದಲೇ. ಇನ್ನೊಂದು ತಮಾಷೆ: 2023ರಲ್ಲಿ ಲುಮಿನೇಟ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ವಿನೈಲ್ ಕೊಂಡ ಅಮೆರಿಕನ್ನರಲ್ಲಿ ರೆಕಾರ್ಡ್ ಪ್ಲೇಯರ್ ಇದ್ದವರು ಅರ್ಧದಷ್ಟು ಜನ ಮಾತ್ರ. ಉಳಿದವರ ಮನೆಯಲ್ಲಿ ತಟ್ಟೆ ಗೋಡೆಯ ಮೇಲೋ ಕಪಾಟಿನಲ್ಲೋ ಇರುತ್ತದೆ, ಹಾಡು ಮೊಬೈಲ್‌ನಲ್ಲಿ ಓಡುತ್ತದೆ.

ಒಂದು ಗೆರೆ, 400 ಮೀಟರ್ ಹಾಡು

ರೆಕಾರ್ಡ್ ತಟ್ಟೆಯ ಒಂದು ಬದಿಯಲ್ಲಿ ನೂರಾರು ವೃತ್ತಗಳಿರುವಂತೆ ಕಾಣುತ್ತದೆ. ಇರುವುದು ಒಂದೇ ಗೆರೆ. ಅಂಚಿನಿಂದ ಒಳಗೆ ಸುತ್ತಿಕೊಂಡು ಹೋಗುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಇಪ್ಪತ್ತು ನಿಮಿಷದ ಒಂದು ಬದಿಗೆ 660ಕ್ಕೂ ಹೆಚ್ಚು ಸುತ್ತು. ಆ ಗೆರೆಯನ್ನು ಬಿಚ್ಚಿ ನೇರ ಎಳೆದರೆ 400 ಮೀಟರ್ ದಾಟುತ್ತದೆ. ಗೆರೆಯ ಎರಡು ಗೋಡೆಗಳಲ್ಲಿ ಒಂದು ಎಡ ಸ್ಪೀಕರಿನ ದನಿಯನ್ನೂ ಇನ್ನೊಂದು ಬಲ ಸ್ಪೀಕರಿನ ದನಿಯನ್ನೂ ಹೊತ್ತಿರುತ್ತದೆ. ಗೋಡೆಯ ಉಬ್ಬುತಗ್ಗಿಗೆ ಮುಳ್ಳು ಅಲುಗುತ್ತದೆ, ಆ ಅಲುಗಾಟ ವಿದ್ಯುತ್ ಆಗುತ್ತದೆ, ವಿದ್ಯುತ್ ಹಾಡಾಗುತ್ತದೆ. ಅನಲಾಗ್ ಎಂದರೆ ಇಷ್ಟೇ: ಗಾಳಿಯಲ್ಲಿ ದನಿ ಹೇಗೆ ಅಲೆಯಿತೋ ಅದೇ ಆಕಾರ ಪ್ಲಾಸ್ಟಿಕ್ಕಿನಲ್ಲಿ ಕೂತಿದೆ.

ಕೇಳಲು ಎಷ್ಟು ಸರಳವೋ ಅಷ್ಟೇ ತಾಪತ್ರಯ. ಬೇಸ್ ದನಿಗೆ ಮುಳ್ಳು ತುಂಬ ಅಗಲಕ್ಕೆ ಅಲುಗಬೇಕು. ಹಾಗೆಯೇ ಕೊರೆದರೆ ಪಕ್ಕದ ಸುತ್ತಿಗೇ ನುಗ್ಗೀತು. ಅದಕ್ಕೆ ತಟ್ಟೆ ಕತ್ತರಿಸುವಾಗ ಬೇಸನ್ನು ಕುಗ್ಗಿಸಿ, ಟ್ರೆಬಲ್ ಹಿಗ್ಗಿಸಿ ಬರೆಯುತ್ತಾರೆ. ಕೇಳುವಾಗ ‘ಫೋನೊ ಪ್ರೀಆಂಪ್’ ಎಂಬ ಸರ್ಕ್ಯೂಟ್ ಇದನ್ನು ತಿರುಗಾಮುರುಗಾ ಮಾಡಿ ಸರಿಪಡಿಸುತ್ತದೆ. ಟರ್ನ್‌ಟೇಬಲ್ ತಂದು ನೇರ ಸ್ಪೀಕರಿಗೆ ಜೋಡಿಸಿದವರಿಗೆ ಹಾಡು ತಗಡು ಬಡಿದಂತೆ ಕೇಳಿಸುವುದು ಈ ಸರ್ಕ್ಯೂಟ್ ನಡುವೆ ಇಲ್ಲದ್ದರಿಂದ.

ಇನ್ನೊಂದು ತೊಂದರೆಗೆ ಪರಿಹಾರವೇ ಇಲ್ಲ. ತಟ್ಟೆ ತಿರುಗುವ ಲೆಕ್ಕ ಬದಲಾಗದು, ಆದರೆ ಅಂಚಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಮೊದಲ ಹಾಡಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಕೊನೆಯ ಹಾಡಿನ ಹೊತ್ತಿಗೆ 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಹೀಗಾಗಿ ಒಂದೇ ತಟ್ಟೆಯಲ್ಲಿ ಮೊದಲ ಹಾಡಿಗಿಂತ ಕೊನೆಯ ಹಾಡಿನ ಗುಣಮಟ್ಟ ಕಡಿಮೆ.

ಸಿ.ಡಿ. ಎಂದರೆ ಮೆಟ್ಟಿಲಲ್ಲ

ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದರಲ್ಲಿ ದನಿಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆಯುತ್ತಾರೆ. ಇಲ್ಲಿಂದಲೇ ಒಂದು ತಪ್ಪು ಕಲ್ಪನೆ ಹುಟ್ಟಿತು: ಅನಲಾಗ್ ನಯವಾದ ಗೆರೆ, ಡಿಜಿಟಲ್ ಮೆಟ್ಟಿಲು ಮೆಟ್ಟಿಲಾದ ಗೆರೆ, ಎರಡು ಅಳತೆಗಳ ನಡುವಿನ ಸಂಗೀತ ಕಳೆದುಹೋಗಿದೆ ಎಂದು. ಚಿತ್ರ ಬಿಡಿಸಿ ತೋರಿಸಿದರೆ ಯಾರಿಗಾದರೂ ನಿಜ ಅನ್ನಿಸುತ್ತದೆ.

ಗಣಿತ ಬೇರೆ ಹೇಳುತ್ತದೆ. ನೈಕ್ವಿಸ್ಟ್ ಮತ್ತು ಶಾನನ್ ಹೆಸರಿನಲ್ಲಿರುವ ಸೂತ್ರದ ಪ್ರಕಾರ, ಒಂದು ದನಿಯ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳತೆ ತೆಗೆದರೆ ಆ ಅಲೆಯನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು. ನಡುವೆ ಏನೂ ಕಳೆಯುವುದಿಲ್ಲ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್. ವಯಸ್ಸಾದಂತೆ ಅದೂ ಇಳಿಯುತ್ತದೆ. 44,100 ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು. ಸಿ.ಡಿ. ಪ್ಲೇಯರ್‌ನಿಂದ ಹೊರಬರುವ ಅಲೆಯಲ್ಲಿ ಮೆಟ್ಟಿಲುಗಳಿರುವುದಿಲ್ಲ.

ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ದನಿಯ ನಡುವಿನ ಅಂತರ ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್. ಒಳ್ಳೆಯ ಎಲ್‌ಪಿಯಲ್ಲೂ ಅದು 70ರ ಆಸುಪಾಸು. ಅಳತೆಯ ಮಾತೇ ಆದರೆ ಪಂದ್ಯ ನಲವತ್ತು ವರ್ಷದ ಹಿಂದೆಯೇ ಮುಗಿದಿದೆ.

ಎಂಪಿ3 ಮಾತ್ರ ಬೇರೆ ಜಾತಿ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡನ್‌ಬರ್ಗ್ ಮತ್ತು ಸಂಗಡಿಗರು ಬೆಳೆಸಿದ ಈ ವಿಧಾನದಲ್ಲಿ ಸಂಗೀತವನ್ನು ನಿಜವಾಗಿಯೂ ಕಿತ್ತು ಹಾಕಲಾಗುತ್ತದೆ. ಆದರೆ ಆಯ್ದು ಕೀಳುತ್ತಾರೆ. ಮದುವೆಯಲ್ಲಿ ಗಟ್ಟಿಮೇಳ ಮೊಳಗಿದ ಕ್ಷಣ ಪಕ್ಕದಲ್ಲಿ ಯಾರಾದರೂ ಸೀನಿದರೂ ಕೇಳಿಸದು; ಗಟ್ಟಿಮೇಳ ಇರುವುದೂ ಅದಕ್ಕೇ. ಹೀಗೆ ದೊಡ್ಡ ದನಿಯ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ದನಿಗಳನ್ನು ಲೆಕ್ಕ ಹಾಕಿ ತೆಗೆದುಬಿಡುತ್ತದೆ ಎಂಪಿ3. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಬೇಕಾದರೆ ಇದಕ್ಕೆ 128 ಸಾಕು, ಹನ್ನೊಂದರಲ್ಲಿ ಒಂದು ಪಾಲು. 128ರಲ್ಲಿ ತಾಳದ ಕಿಣಿಕಿಣಿ, ಚಪ್ಪಾಳೆಯಂಥ ದನಿಗಳು ಕೆಟ್ಟಿದ್ದು ಗೊತ್ತಾಗಬಹುದು. 320ಕ್ಕೆ ಹೋದರೆ ಕಣ್ಣುಕಟ್ಟಿ ಕೇಳಿಸಿದಾಗ ಸಿ.ಡಿ. ಯಾವುದು, ಎಂಪಿ3 ಯಾವುದು ಎಂದು ಹೇಳಲು ಹೆಚ್ಚಿನವರಿಗೆ ಆಗುವುದಿಲ್ಲ.

ಇನ್ನು ‘ಲಾಸ್‌ಲೆಸ್’ ಎಂದು ಜಾಹೀರಾತು ಬರುತ್ತದಲ್ಲ, ಅದು ಏನನ್ನೂ ಕೀಳದ ಸಿ.ಡಿ. ಮಟ್ಟದ ಅಥವಾ ಅದಕ್ಕೂ ಮೇಲಿನ ಹಾಡು. ಅದನ್ನು ಮೆಟ್ರೊದಲ್ಲೋ ಲೋಕಲ್ ಟ್ರೇನಿನಲ್ಲೋ ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಕೇಳಿದರೆ ಡೇಟಾ ಖರ್ಚಾದದ್ದೇ ಬಂತು. ಬ್ಲೂಟೂತ್ ದಾರಿಯಲ್ಲಿ ಅದನ್ನು ಮತ್ತೆ ಕುಗ್ಗಿಸಿಯೇ ಕಳಿಸುತ್ತದೆ.

ಆದರೂ ರೆಕಾರ್ಡ್ ಹಿತವಾಗಿ ಕೇಳಿಸುವುದೇಕೆ?

ಕೇಳಿದವರು ಸುಳ್ಳು ಹೇಳುತ್ತಿಲ್ಲ. ಒಂದೇ ಆಲ್ಬಮಿನ ಎಲ್‌ಪಿ ಮತ್ತು ಸ್ಟ್ರೀಮಿಂಗ್ ಆವೃತ್ತಿಯನ್ನು ಹೋಲಿಸಿದರೆ ಎಷ್ಟೋ ಸಲ ಎಲ್‌ಪಿಯೇ ಹಿತ. ಸ್ವಲ್ಪ ಮಟ್ಟಿಗೆ ಇದು ಮುಳ್ಳು, ಕಾರ್ಟ್ರಿಜ್ ಸೇರಿಸುವ ಕಲಬೆರಕೆಯಿಂದ. ‘ವಾರ್ಮ್’ ಎಂದು ವಿನೈಲ್ ಪ್ರಿಯರು ಕರೆಯುವುದು ಬಹುಪಾಲು ಈ ಕಲಬೆರಕೆಯನ್ನೇ. ಕಿವಿಗೆ ಅದು ಇಷ್ಟ.

ದೊಡ್ಡ ಕಾರಣ ಮಾತ್ರ ತಟ್ಟೆಯಲ್ಲೂ ಇಲ್ಲ, ಅಂಕಿಯಲ್ಲೂ ಇಲ್ಲ, ಸ್ಟುಡಿಯೊದಲ್ಲಿದೆ. 1990ರ ದಶಕದಿಂದ ಹಾಡುಗಳನ್ನು ಆದಷ್ಟು ಜೋರಾಗಿಸುವ ಪೈಪೋಟಿ ಶುರುವಾಯಿತು. ರೇಡಿಯೊದಲ್ಲಿ ನಮ್ಮ ಹಾಡೇ ಎದ್ದು ಕೇಳಬೇಕೆಂಬ ಆಸೆ. ಮೆಲ್ಲಗಿನ ಭಾಗವನ್ನು ಎತ್ತಿ, ಜೋರು ಭಾಗವನ್ನು ಅದುಮಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದರು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಇದು ಬೀದಿಗೆ ಬಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೊ’ ವಿಡಿಯೊ ಗೇಮಿನಲ್ಲಿ ಇಷ್ಟು ಅದುಮದೆ ಬಂದಿದ್ದವು. ಸಿ.ಡಿ.ಗಿಂತ ಗೇಮಿನ ಹಾಡೇ ಚೆನ್ನಾಗಿದೆ ಎಂದು ಅಭಿಮಾನಿಗಳು ದೂರಿದರು. ಎರಡೂ ಡಿಜಿಟಲ್ಲೇ!

ತಟ್ಟೆಯಲ್ಲಿ ಇಂಥ ಜೋರು ಸುಲಭವಲ್ಲ. ದನಿ ಹೆಚ್ಚಾದಷ್ಟೂ ಗೆರೆ ಅಗಲವಾಗುತ್ತದೆ, ಹಾಡು ಹಿಡಿಸುವುದಿಲ್ಲ. ಹಾಗಾಗಿ ವಿನೈಲ್‌ಗೆಂದು ಪ್ರತ್ಯೇಕವಾಗಿ, ಸ್ವಲ್ಪ ಸಂಯಮದಿಂದ ಮಾಸ್ಟರಿಂಗ್ ಮಾಡುವ ರೂಢಿಯಿದೆ. ಜನ ಮೆಚ್ಚುತ್ತಿರುವುದು ಈ ಸಂಯಮವನ್ನು. ಅದನ್ನು ಡಿಜಿಟಲ್ ಫೈಲಿನಲ್ಲಿ ಇಟ್ಟರೂ ಅಷ್ಟೇ ಚೆನ್ನಾಗಿರುತ್ತದೆ. ಫೀನಿಕ್ಸ್‌ನ ವಿಡಿಯೊ ಬಯಲು ಮಾಡಿದ್ದೂ ಅದನ್ನೇ.

ಹಾಡು ಯಾರದು?

ಸದ್ದಿನ ಜಗಳ ಪಕ್ಕಕ್ಕಿಡೋಣ. ಭಾರತದಲ್ಲಿ ರೆಸ್ಸೊ ಆ್ಯಪ್ 2024ರ ಜನವರಿ ಕೊನೆಗೆ ಬಾಗಿಲು ಹಾಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಹೇಳಿತು. ವರ್ಷಗಟ್ಟಲೆ ಕೂಡಿಸಿದ ಪ್ಲೇಲಿಸ್ಟ್, ಆ್ಯಪಿನೊಳಗೆ ಡೌನ್‌ಲೋಡ್ ಮಾಡಿಟ್ಟ ಹಾಡು ಎಲ್ಲವೂ ಆ್ಯಪಿನ ಜತೆಗೇ. ಕಂಪನಿಗಳ ನಡುವಿನ ಒಪ್ಪಂದ ಮುಗಿದಾಗ ರಾತ್ರೋರಾತ್ರಿ ಹಾಡುಗಳು ಬೂದುಬಣ್ಣಕ್ಕೆ ತಿರುಗುವುದನ್ನು ಚಂದಾ ಕೊಟ್ಟವರೂ ಕಂಡಿದ್ದಾರೆ. ತಿಂಗಳಿಗೆ ನೂರಿನ್ನೂರು ರೂಪಾಯಿ ಕೊಟ್ಟು ಕೊಳ್ಳುವುದು ಹಾಡನ್ನಲ್ಲ, ಕೇಳುವ ಅನುಮತಿಯನ್ನು.

ತಟ್ಟೆ ಸೀಳಬಹುದು, ಗೀರಬಹುದು. ಆದರೆ ಒಪ್ಪಂದ ಮುಗಿಯಿತೆಂದು ಯಾರೂ ಬಂದು ಒಯ್ಯುವುದಿಲ್ಲ. ಸಿ.ಡಿ.ಗೂ, ಹಾರ್ಡ್ ಡಿಸ್ಕಿನಲ್ಲಿ ನೀವೇ ಇಟ್ಟುಕೊಂಡ ಫೈಲಿಗೂ ಈ ಮಾತು ಸಲ್ಲುತ್ತದೆ ಎನ್ನುವುದನ್ನು ವಿನೈಲ್ ಪ್ರಿಯರು ಮರೆಯುವುದುಂಟು.

ಗಂಗೂಬಾಯಿ ಅವರ ಮೊದಲ ದನಿ

ನಮ್ಮ ಸಂಗೀತದ ವಿಷಯಕ್ಕೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಹೊಸ ಹಾಡಿಗೆ ತಟ್ಟೆ ಒಂದು ಆಯ್ಕೆ. ನೂರು ವರ್ಷ ಹಿಂದಿನ ಹಾಡಿಗೆ ಅದೇ ಮೂಲಪ್ರತಿ.

1902ರ ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಲಂಡನ್‌ನಿಂದ ಬಂದ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡರು. ಭಾರತದ ಅತಿ ಹಳೆಯ ವಾಣಿಜ್ಯ ಮುದ್ರಿಕೆಗಳಲ್ಲಿ ಅವು ಸೇರುತ್ತವೆ. ಹಾಡಿನ ಕೊನೆಗೆ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಒಯ್ಯಾರವಲ್ಲ, ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ, ಲೇಬಲ್ ಅಂಟಿಸುವವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆ ಕಾಲದ ತಟ್ಟೆ ವಿನೈಲ್ ಅಲ್ಲ, ಅರಗಿನದು. ನಿಮಿಷಕ್ಕೆ ಸುಮಾರು 78 ಸುತ್ತು, ಬದಿಗೆ ಮೂರು ಮೂರೂವರೆ ನಿಮಿಷ. ಇಡೀ ರಾತ್ರಿ ಹಾಡಬಲ್ಲವರು ರಾಗವೊಂದನ್ನು ಅಷ್ಟರಲ್ಲಿ ಮುಗಿಸಬೇಕು. ಮಲ್ಲಿಕಾರ್ಜುನ ಮನ್ಸೂರರು ತಮ್ಮ ಆರಂಭದ ಮುದ್ರಿಕೆಗಳನ್ನು ಕೊಟ್ಟದ್ದು ಇಂಥ ತಟ್ಟೆಗಳಿಗೆ.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದರು. ಆ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’. ಇಂದಿನವರಿಗೆ ಗಂಗೂಬಾಯಿ ಎಂದರೆ ಗಂಡುದನಿಯಂತೆ ತುಂಬಿದ, ಗಂಭೀರ ಕಂಠ. ತಟ್ಟೆಯ ಗಾಂಧಾರಿಯದು ಹಗುರವಾದ, ಎತ್ತರದ, ತೆಳು ಹೆಣ್ಣುದನಿ. ನಡುವೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾಗಿ ಅವರ ದನಿಯೇ ಬದಲಾಗಿತ್ತು. ಆ ಮೊದಲ ದನಿಯನ್ನು ನೇರವಾಗಿ ಕೇಳಿದವರು ಈಗ ಸಿಗುವುದಿಲ್ಲ. ಉಳಿದಿರುವುದು ಅರಗಿನ ಗೆರೆಗಳಲ್ಲಿ ಮಾತ್ರ, ಮತ್ತು ಯಾರೋ ಅದರಿಂದ ಮಾಡಿಕೊಂಡ ಪ್ರತಿಗಳಲ್ಲಿ.

ಆ ಪ್ರತಿ ಹೇಗೆ ಮಾಡಿದರು ಎನ್ನುವುದು ಇಲ್ಲಿ ಮುಖ್ಯ. 78 ಎನ್ನುವುದು ನಂತರ ನಿಂತ ರೂಢಿ. ಮೊದಲ ದಶಕಗಳಲ್ಲಿ ಮುದ್ರಣದ ವೇಗ ಅತ್ತಿತ್ತ ಆಗುತ್ತಿತ್ತು. ವೇಗ ಶೇ 6ರಷ್ಟು ತಪ್ಪಿದರೆ ಹಾರ್ಮೋನಿಯಂನ ಒಂದು ಮನೆಯಷ್ಟು ಶ್ರುತಿ ಏರುತ್ತದೆ ಅಥವಾ ಇಳಿಯುತ್ತದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಹಾಡು ಕೀರಲಾಗಿ ಕೇಳಿದರೆ ಹಾಡಿದವರ ದನಿಯೇ ಹಾಗಿತ್ತೋ, ತಿರುಗಿಸಿದವರು ಅವಸರ ಮಾಡಿದರೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಇನ್ನು ಕೆಲವರು ಕರಕರ ಸದ್ದು ತೆಗೆಯುವ ಉತ್ಸಾಹದಲ್ಲಿ ತಂಬೂರಿಯ ಝೇಂಕಾರವನ್ನೂ ಒರೆಸಿಬಿಡುತ್ತಾರೆ. ಸ್ವಚ್ಛವಾಯಿತು, ಜೀವ ಹೋಯಿತು. ಮೂಲ ತಟ್ಟೆ ಉಳಿದಿದ್ದರೆ ನಾಳೆ ಇನ್ನೂ ಒಳ್ಳೆಯ ಯಂತ್ರದಲ್ಲಿ ಮತ್ತೆ ಪ್ರಯತ್ನಿಸಬಹುದು. ಬೆಂಗಳೂರಿನಲ್ಲಿ ನೆಲೆಗೊಂಡ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಇಂಥ ತಟ್ಟೆಗಳನ್ನು ಹುಡುಕಿ ಡಿಜಿಟಲ್ ಮಾಡಿ ಕೇಳಲು ಇಟ್ಟಿದೆ. ಇಲ್ಲಿ ಡಿಜಿಟಲ್ ವಿನೈಲ್‌ನ ಎದುರಾಳಿಯಲ್ಲ, ಆಸರೆ.

ಅಟ್ಟದ ಮೇಲಿರುವುದನ್ನು ಏನು ಮಾಡುವುದು?

ಊರಿನ ಮನೆ ಮಾರುವಾಗ, ಮುಂಬೈಯಲ್ಲೋ ಪುಣೆಯಲ್ಲೋ ಫ್ಲ್ಯಾಟ್ ಬದಲಿಸುವಾಗ ಹಳೆಯ ತಟ್ಟೆಗಳು ಮೊದಲು ಗುಜರಿಗೆ ಹೋಗುತ್ತವೆ. ಹಾಕುವ ಮುನ್ನ ಲೇಬಲ್ ಓದಿ. ಹಿಂದಿ ಚಿತ್ರಗೀತೆಯ ಎಲ್‌ಪಿಗಳು ಸಾವಿರಾರು ಅಚ್ಚಾಗಿವೆ, ಹಾಡುಗಳು ಎಲ್ಲೆಡೆ ಸಿಗುತ್ತವೆ. ಕನ್ನಡದ ನಾಟಕ ಕಂಪನಿಗಳ ಹಾಡು, ಆಗಿನ ಗಾಯಕಿಯರ ಜಾವಳಿ, ದೇವರನಾಮಗಳ 78 ತಟ್ಟೆ ಹಾಗಲ್ಲ. ನಿಮ್ಮ ಕೈಯಲ್ಲಿರುವುದು ಉಳಿದ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು. ಕ್ಯಾಸೆಟ್ ಇದ್ದರೆ ಇನ್ನೂ ಅವಸರ ಮಾಡಿ. 1978ರಲ್ಲಿ ‘ನಿತ್ಯೋತ್ಸವ’ದಿಂದ ಶುರುವಾದ ಕನ್ನಡ ಭಾವಗೀತೆಗಳ ಅಲೆ ಬಂದದ್ದೇ ಕ್ಯಾಸೆಟ್ಟಿನಲ್ಲಿ, ಮತ್ತು ಟೇಪು ತಟ್ಟೆಯಷ್ಟು ಬಾಳುವುದಿಲ್ಲ.

ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ಬೀಳುವ ಕಿಟಕಿಯ ಪಕ್ಕ, ಟಿ.ವಿ. ಮೇಲೆ ಬೇಡ, ವಿನೈಲ್ ಸೊಟ್ಟಗಾಗುತ್ತದೆ. ಕರಾವಳಿಯ, ಮುಂಬೈನ ಮಳೆಗಾಲದಲ್ಲಿ ಕವರಿನೊಳಗೆ ಬೂಷ್ಟು ಹಿಡಿಯುತ್ತದೆ, ಆಗಾಗ ತೆಗೆದು ನೋಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸೂಟ್‌ಕೇಸ್ ಪ್ಲೇಯರ್ ನೋಡಲು ಚೆಂದ. ಅವುಗಳಲ್ಲಿ ಹೆಚ್ಚಿನವು ಮುಳ್ಳನ್ನು ಗೆರೆಯ ಮೇಲೆ ಬಲವಾಗಿ ಒತ್ತುತ್ತವೆ. ಅಪರೂಪದ ತಟ್ಟೆಯನ್ನು ಅದರಲ್ಲಿ ಹಾಕಬೇಡಿ.

ಡಿಜಿಟಲ್ ಮಾಡಿಸುವಾಗ ಎರಡು ಮಾತು ಕೇಳಿ. 78ರ ಗೆರೆ ಎಲ್‌ಪಿಯ ಗೆರೆಗಿಂತ ಅಗಲ, ಅದಕ್ಕೆ ಬೇರೆ ಮುಳ್ಳು ಬೇಕು, ಅದು ಇದೆಯೇ? ಸದ್ದು ತೆಗೆಯುವ ಮುನ್ನಿನ, ಹೇಗಿದೆಯೋ ಹಾಗೆ ಇಳಿಸಿದ ಫೈಲನ್ನೂ ಕೊಡುತ್ತಾರೆಯೇ? ಆ ಫೈಲು ಎಂಪಿ3 ಆಗಿರಬಾರದು, ವೇವ್ ಅಥವಾ ಫ್ಲ್ಯಾಕ್ ಆಗಿರಬೇಕು. ಕಾನೂನಿನ ಅಳುಕು ಇದ್ದರೆ, ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಸಾಹಿತ್ಯ, ಸಂಗೀತ ಸಂಯೋಜನೆಯ ಹಕ್ಕಿನ ಲೆಕ್ಕ ಬೇರೆ.

ಮತ್ತೆ, ಧೂಳು ಕೂತಿದೆಯೆಂದು ಸ್ಪಿರಿಟ್ ಹಚ್ಚಿ ಒರೆಸುವ ಉಪಾಯ ಯೂಟ್ಯೂಬ್‌ನಲ್ಲಿ ಧಾರಾಳ ಸಿಗುತ್ತದೆ. ಅವು ವಿನೈಲ್‌ಗೆ ಹೇಳಿದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. 78ರ ತಟ್ಟೆಗೆ ಅದನ್ನು ಸೋಕಿಸಿದರೆ ಬಟ್ಟೆಗೆ ಬರುವ ಕಪ್ಪು ಬಣ್ಣ ಕೊಳೆಯಲ್ಲ, ಹಾಡು.